ಗುಂಡಿ ಒತ್ತಿದರೆ ಬರುವ ಢೋಲಕಿ

ನಾನು ಡೊಂಬಿವಲಿಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಸ್ಟೇಷನ್ನಿನ ಪೂರ್ವಕ್ಕೆ ನನ್ನ ಸೋದರಮಾವನ ಹೋಟೆಲಿತ್ತು. ಗಲ್ಲೆಯಲ್ಲಿ ದುಡ್ಡು ತೆಗೆದುಕೊಳ್ಳುತ್ತ ಕೂರಲು ಮನೆಯವನೇ ಒಬ್ಬ ಬೇಕೆಂದು ನನ್ನನ್ನು ಉಡುಪಿ ಕಡೆಯ ನಮ್ಮ ಹಳ್ಳಿಯಿಂದ ಕರೆಸಿಕೊಂಡಿದ್ದರು. ಊರಿನ ಭಜನಾ ಮಂದಿರದಲ್ಲಿ ನಾನು ಹಾರ್ಮೋನಿಯಂ ಬಾರಿಸುತ್ತಿದ್ದೆನೆಂದು ಅವರಿಗೆ ಗೊತ್ತಿತ್ತು. ಹುಡುಗ ಬೀಡಿ ಸೇದುವುದಿಲ್ಲ, ಸಂಜೆ ಎಲ್ಲೂ ಅಲೆಯುವುದಿಲ್ಲ ಎನ್ನುವುದಕ್ಕೆ ಅದೊಂದು ಪುರಾವೆ ಎಂದು ಅವರು ತಿಳಿದಿದ್ದರೇ ಹೊರತು ಅದರಿಂದ ಮುಂದೆ ತೊಂದರೆ ಬಂದೀತು ಎಂದು ಎಣಿಸಿರಲಿಲ್ಲ.

ತೊಂದರೆ ಬಂದದ್ದು ಮೊದಲ ಗಣಪತಿ ಹಬ್ಬಕ್ಕೇ. ಹೋಟೆಲಿನ ಎದುರು ಮಂಟಪ ಹಾಕಿ ಒಂದು ಆರ್ಕೆಸ್ಟ್ರಾ ಕರೆಸಿದ್ದರು. ಕೀಬೋರ್ಡನ್ನು ನಾನು ಹತ್ತಿರದಿಂದ ನೋಡಿದ್ದು ಅಂದೇ. ಒಬ್ಬ ಮನುಷ್ಯ ಎರಡು ಕೈಯಲ್ಲಿ ಪಿಟೀಲು, ಕೊಳಲು, ತುತ್ತೂರಿ ಎಲ್ಲವನ್ನೂ ಹೊರಡಿಸುತ್ತಿದ್ದ. ಗಿರಾಕಿಗಳು ಚಿಲ್ಲರೆಗೆ ಕೈಚಾಚಿ ನಿಂತಿದ್ದರು, ನಾನು ರಸ್ತೆಯನ್ನೇ ನೋಡುತ್ತಿದ್ದೆ. ಆಮೇಲೆ ವಾರದ ರಜೆಯ ದಿನ ಠಾಣೆಗೆ ಹೋಗಿ, ಗೋವಾ ಕಡೆಯ ಒಬ್ಬ ಮುದುಕ ಮೇಷ್ಟ್ರ ಹತ್ತಿರ ಕಲಿಯತೊಡಗಿದೆ. ಉಳಿದ ಆರು ದಿನ ಗಲ್ಲೆಯ ಗಾಜಿನ ಮೇಲೆ ಬೆರಳಾಡಿಸುತ್ತಿದ್ದೆ. ನಾಲ್ಕನೆಯ ವರ್ಷ ಹೋಟೆಲು ಬಿಟ್ಟೆ.

“ಬಾಜಾ ಬಾರಿಸ್ಲಿಕ್ಕಾ ನಾನು ನಿನ್ನನ್ನು ಇಲ್ಲಿಗೆ ಕರೆಸಿದ್ದು?” ಎಂದು ಮಾವ ಕೇಳಿದರು.

“ಅಲ್ಲ ಮಾವ.”

“ಮತ್ತೆಂತ? ನಾಳೆ ಅಕ್ಕ ಕೇಳಿದ್ರೆ ನಾನು ಎಂತ ಹೇಳುದು?”

ಅವರ ಅಕ್ಕ ಎಂದರೆ ನನ್ನ ಅಮ್ಮ.  ಎರಡು ವರ್ಷ ಅವರು ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಅವರ ಮಗಳ ಮದುವೆಗೆ ನಮ್ಮ ತಂಡವನ್ನೇ ಕರೆಸಿದರು. ಊಟಕ್ಕೆ ನಮ್ಮನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ತಾವೇ ನಿಂತು ಪಾಯಸ ಬಡಿಸಿದರು.

ತಂಡ ಎಂದೆನಲ್ಲ, ಅದು ಶುರುವಾದದ್ದು ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ. ಅಲ್ಲಿ ಮದುವೆ ಬ್ಯಾಂಡಿನವರ ಒಂದು ಅಂಗಡಿಯಿತ್ತು. ಅದರ ಮುಂದೆ ಸ್ಟೂಲು ಹಾಕಿಕೊಂಡು ನನ್ನದೇ ವಯಸ್ಸಿನ ಒಬ್ಬ ಢೋಲಕಿ ಬಾರಿಸುತ್ತಿದ್ದ. ಯಾರಿಗಾಗಿಯೂ ಅಲ್ಲ, ಹೊತ್ತು ಹೋಗದೆ. ನಾನು ಎರಡು ಲೋಕಲ್ ಬಿಟ್ಟು ಅಲ್ಲೇ ನಿಂತೆ. ಅವನ ಬಲಗೈ ತಾಳ ಹಿಡಿದಿರುತ್ತಿತ್ತು. ಎಡಗೈ ಮಾತ್ರ ಚರ್ಮವನ್ನು ಒತ್ತಿ ಜಾರಿಸಿ ‘ಗುಂ’ ಎಂದು ಎಳೆಯುತ್ತಿತ್ತು. ಆ ಎಳೆತಕ್ಕೆ ಢೋಲಕಿಯವರು ಗುಮ್ಕಿ ಎನ್ನುತ್ತಾರೆ. ಅವನ ಗುಮ್ಕಿ ಕೇಳಿದರೆ ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡುತ್ತಿದ್ದಾರೆ ಅನಿಸುತ್ತಿತ್ತು. ನಾವಿಬ್ಬರೂ ಅರ್ಧ ಗಂಟೆ ಹಿಂದಿಯಲ್ಲಿ ಮಾತಾಡಿದೆವು. ನನ್ನ ಹಿಂದಿ ಹೋಟೆಲಿನ ಹಿಂದಿ, ಅವನದು ಬ್ಯಾಂಡಿನವರ ಹಿಂದಿ. ಅಷ್ಟರಲ್ಲಿ ಅವನ ಹೆಂಡತಿ ಡಬ್ಬಿ ಹಿಡಿದುಕೊಂಡು ಬಂದಳು.

“ರೊಟ್ಟಿ ಆರಿ ಹೋಗ್ತಾವ, ಉಣ್ಣ ಬರ್ರಿ” ಎಂದಳು.

“ಅಯ್ಯೋ, ನೀವು ಕನ್ನಡದವರಾ?” ಎಂದೆ.

“ಕಲಬುರ್ಗಿ ಕಡಿಯವ್ರರಿ” ಎಂದ ಅವನು. ಅವನ ಅಪ್ಪ ನವಿ ಮುಂಬಯಿಯ ಕಟ್ಟಡಗಳ ಕೆಲಸಕ್ಕೆಂದು ಬಂದವರು. ಇವನು ಅರ್ಧ ಕಟ್ಟಿದ ಗೋಡೆಗಳ ನಡುವೆ, ಬಣ್ಣದ ಖಾಲಿ ಡಬ್ಬದ ಮೇಲೆ ಬಾರಿಸುತ್ತ ಬೆಳೆದವನು. ಅಂದು ಆ ಡಬ್ಬಿಯ ರೊಟ್ಟಿಯನ್ನು ಮೂವರೂ ತಿಂದೆವು. ಅಂದಿನಿಂದ ಅವನು ನನ್ನನ್ನು ಮಾಸ್ತರ್ ಎಂದೇ ಕರೆದ. ತಾಳದ ವಿಷಯದಲ್ಲಿ ಅವನೇ ನನಗೆ ಮಾಸ್ತರನಾಗಿದ್ದ.

ಎಂಟು ಜನ ಸೇರಿದೆವು. ಹಳದಿ ಅಂಗಿ ಹೊಲಿಸಿಕೊಂಡೆವು. ಒಂದು ಟೆಂಪೋದಲ್ಲಿ ಸ್ಪೀಕರುಗಳ ಮೇಲೆ ಕೂತು ಎಲ್ಲಿಗೆಲ್ಲ ಹೋಗಿಲ್ಲ. ಡೊಂಬಿವಲಿಯ ಕನ್ನಡ ಸಂಘದ ವಾರ್ಷಿಕೋತ್ಸವ, ಠಾಣೆಯ ಗಣಪತಿಗಳು, ಕಲ್ಯಾಣದಿಂದ ಪನವೇಲಿನವರೆಗಿನ ಹಳ್ಳಿಗಳಲ್ಲಿ ಮದುವೆಯ ಹಿಂದಿನ ದಿನ ನಡೆಯುವ ಹಳದಿ ಕಾರ್ಯಕ್ರಮಗಳು. ನಮ್ಮ ಹಾಡುಗಾರ್ತಿ ಡೊಂಬಿವಲಿಯಲ್ಲೇ ಹುಟ್ಟಿದವಳು. ಅಪ್ಪ ಅಮ್ಮ ಮಂಗಳೂರಿನವರು, ಅವಳಿಗೆ ಮಾತ್ರ ಕನ್ನಡ ಓದಲು ಬಾರದು. ಕನ್ನಡ ಹಾಡುಗಳನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಿದ್ದಳು. ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಅವಳ ಉಚ್ಚಾರ ಎಷ್ಟು ಶುದ್ಧ ಎಂದು ಹೊಗಳುವಾಗ ಢೋಲಕಿಯವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದ.

ನಾನೇ ಕಟ್ಟಿದ ಒಂದು ಹಾಡೂ ಇತ್ತು. ಹಳದಿಯ ದಿನ ಮದುಮಗಳ ಅತ್ತಿಗೆಯರು ಕುಣಿಯಲೆಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾಡಿದ್ದು. ಅದು ನಿಂತದ್ದು ನನ್ನ ಮಾತಿನಿಂದಲ್ಲ, ಅವನ ಢೋಲಕಿಯಿಂದ. ಒಂದು ಚಳಿಗಾಲ ಎಲ್ಲಿ ಹೋದರೂ ಅದನ್ನೇ ಕೇಳಿದರು. ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರು, ಡಿಜೆಗಳು ಹಾಕತೊಡಗಿದರು, ಮತ್ತೊಂದು ತಂಡದವರು ಅದಕ್ಕೆ ವೀಡಿಯೋ ಮಾಡಿದರು. ಅದರಲ್ಲಿ ನಮ್ಮ ಹೆಸರು ಎಲ್ಲೂ ಇರಲಿಲ್ಲ. ನಾನು ಕುದಿಯುತ್ತಿದ್ದೆ. ಅವನು ನಕ್ಕುಬಿಟ್ಟ.

“ಹಾಡ ಅಡ್ಡಾಡ್ಲಾಕತ್ತದಲ್ರಿ ಮಾಸ್ತರ್ರ. ಅಡ್ಡಾಡ್ಲಿ ಬಿಡ್ರಿ.”

ಹೀಗೆ ಹದಿನೆಂಟು ಇಪ್ಪತ್ತು ವರ್ಷ ನಡೆಯಿತು. ಆಮೇಲೆ ಲಾಕ್‌ಡೌನ್ ಬಂತು. ಸ್ಟೇಜು ಎನ್ನುವುದೇ ಇಲ್ಲವಾಯಿತು. ಗಿಟಾರಿನವನು ಕೊರಿಯರ್ ಕಂಪನಿ ಸೇರಿದ, ತುತ್ತೂರಿಯವರು ಊರಿಗೆ ಹೋದವರು ಬರಲಿಲ್ಲ. ನಾನು ಮೊಬೈಲಿನ ಮುಂದೆ ಕೂತು ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳಿದೆ. ಢೋಲಕಿಯವನು ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಲಾರಿಗೆ ಸರಳು ತುಂಬುವ ಕೆಲಸಕ್ಕೆ ಸೇರಿದ. ಎಲ್ಲ ಮತ್ತೆ ತೆರೆದ ಮೇಲೆ ಒಮ್ಮೆ ಸಿಕ್ಕಾಗ ಅಂಗೈ ತೋರಿಸಿದ. ಚರ್ಮ ಒಡೆದು ದಪ್ಪವಾಗಿತ್ತು. “ಢೋಲಕಿ ಮ್ಯಾಲ ಜಾರವಲ್ಲದ್ರಿ” ಎಂದು ಅದಕ್ಕೂ ನಕ್ಕ.

ಕಾರ್ಯಕ್ರಮಗಳು ಮತ್ತೆ ಬಂದವು, ಆದರೆ ಬೇರೆ ರೂಪದಲ್ಲಿ. ಹಳೆಯ ಪರಿಚಯದ ಒಬ್ಬ ಆಯೋಜಕರು ಫೋನಿನಲ್ಲಿ ನೇರವಾಗಿಯೇ ಹೇಳಿದರು: “ಆಠ ಲೋಕ ಕಶಾಲಾ? ದೋಘ ಯಾ. ಬಾಕೀ ಮಶೀನ್ ಆಹೇ ನಾ.” ಎಂಟು ಜನ ಯಾಕೆ, ಇಬ್ಬರು ಬನ್ನಿ, ಮಿಕ್ಕಿದ್ದಕ್ಕೆ ಮಶೀನಿದೆಯಲ್ಲ ಎಂದು. ಇಬ್ಬರು ಎಂದರೆ ನಾನು ಮತ್ತು ಹಾಡುಗಾರ್ತಿ. ಮಶೀನೇನೋ ಇತ್ತು. ನನ್ನ ಹೊಸ ಕೀಬೋರ್ಡಿನಲ್ಲಿ ಯಾವ ವಾದ್ಯದ ಸದ್ದನ್ನೂ ತುಂಬಿಸಿಟ್ಟು, ಗುಂಡಿ ಒತ್ತಿದಾಗ ಮತ್ತೆ ಮತ್ತೆ ಬಾರಿಸುವಂತೆ ಮಾಡಬಹುದಿತ್ತು. ಅದರೊಳಗೆ ಮೊದಲೇ ತುಂಬಿದ್ದ ಢೋಲಕಿ ಡಬ್ಬ ಬಡಿದ ಹಾಗಿತ್ತು. ಅದನ್ನು ಕೇಳಿಸಿಕೊಂಡು ಸ್ಟೇಜಿನ ಮೇಲೆ ನಿಲ್ಲಲು ನನ್ನಿಂದಾಗುತ್ತಿರಲಿಲ್ಲ. ನನಗೆ ಅವನ ಢೋಲಕಿ ಬೇಕಿತ್ತು. ಅವನು ಬೇಕಿರಲಿಲ್ಲ. ಈ ಮಾತನ್ನು ಇಷ್ಟು ಸಪಾಟಾಗಿ ಬರೆಯಲು ನನಗೆ ಮೂರು ವರ್ಷ ಹಿಡಿದಿದೆ.

ಒಂದು ಭಾನುವಾರ ಬೆಳಿಗ್ಗೆ ಅವನನ್ನು ಡೊಂಬಿವಲಿಗೆ ಕರೆಸಿದೆ. ಪರಿಚಯದವರ ಕೋಚಿಂಗ್ ಕ್ಲಾಸಿನ ಕೋಣೆ ಸಿಕ್ಕಿತ್ತು. ಬೆಂಚುಗಳನ್ನು ಗೋಡೆಗೆ ಸರಿಸಿ, ಸದ್ದು ಬರಬಾರದೆಂದು ಫ್ಯಾನು ಆರಿಸಿ, ಮೈಕು ಹೂಡಿ ಕಾಯುತ್ತಿದ್ದೆ. ಅವನು ಹಳದಿ ಅಂಗಿಗೆ ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದ.

“ಯಾಕ್ರಿ ಮಾಸ್ತರ್ರ, ಹಾಡೋರಿಲ್ಲ, ಬರೇ ಢೋಲಕಿ?” ಎಂದು ಕೇಳಿದ.

“ಕಳಂಬೋಲಿಯಲ್ಲಿ ನಿನಗೆ ರಜೆ ಸಿಗದ ದಿನಕ್ಕೆ ಬೇಕಾಗ್ತದೆ ಮಾರಾಯ, ಅಷ್ಟೇ.”

“ಛಲೋ ಆತು ಬಿಡ್ರಿ. ನಾ ಇಲ್ಲಂತ ಪ್ರೋಗ್ರಾಮ್ ನಿಲ್ಲಬಾರದು.”

ಮೂರು ಗಂಟೆ ಬಾರಿಸಿದ. ಹದಿನಾಲ್ಕು ಬಗೆಯ ತಾಳದ ನಡೆಗಳು. ಅವನಿಗೆ ಕಷ್ಟವಾದದ್ದು ಬಾರಿಸುವುದಲ್ಲ, ಒಂದೇ ಸಮನೆ ಬಾರಿಸುವುದು. ನಾಲ್ಕು ಸುತ್ತು ಹೋಗುವಷ್ಟರಲ್ಲಿ ಕೈ ತಾನಾಗಿ ಏನನ್ನೋ ಸೇರಿಸಿಬಿಡುತ್ತಿತ್ತು. ನಾನು ತಡೆಯುತ್ತಿದ್ದೆ. “ಏನೂ ಸೇರಿಸಬೇಡ, ಸಾದಾ ಬಾರಿಸು.” “ಹ್ಞೂಂರಿ” ಎನ್ನುತ್ತಿದ್ದ, ಮತ್ತೆ ಸೇರಿಸುತ್ತಿದ್ದ. ಬೆವರಿಗೆ ಹಳದಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಡುವೆ ಎರಡು ಸಲ ಎಡಗೈಯನ್ನು ಬಲಗೈಯಿಂದ ಒತ್ತಿಕೊಂಡ. ನಾನು ಕೇಳಲಿಲ್ಲ.

ಕೊನೆಗೆ ಹೆಡ್‌ಫೋನ್ ಅವನ ಕಿವಿಗೆ ಹಾಕಿ ಒಂದು ಗುಂಡಿ ಒತ್ತಿದೆ. ಅವನು ಕಣ್ಣು ಮುಚ್ಚಿ ಕೇಳಿದ.

“ಇದು ನಾನ ಏನ್ರಿ?”

“ನೀನೇ.”

ಹೆಂಡತಿಗೆ ಫೋನ್ ಹಚ್ಚಿದ. ಹೆಡ್‌ಫೋನನ್ನು ಮೊಬೈಲಿಗೆ ಹಿಡಿದು “ಕೇಳಿಲ್ಲಿ, ನಾ ಕೈ ಕಟ್ಟಿ ಕುಂತೀನಿ, ಢೋಲಕಿ ತಾನ ಬಾರಿಸ್ಲಾಕತ್ತದ” ಎಂದ. ಆ ಕಡೆಯಿಂದ ಅವಳು ನಕ್ಕದ್ದು ನನಗೂ ಕೇಳಿಸಿತು.

ಆ ತಿಂಗಳೇ ಠಾಣೆಯಲ್ಲಿ ಒಂದು ಕನ್ನಡ ಸಂಘದ ಕಾರ್ಯಕ್ರಮವಿತ್ತು. ಅವನಿಗೆ ತಿಂಗಳ ಹಿಂದೆಯೇ ಹೇಳಿದ್ದೆ. ಕೆಲಸಕ್ಕೆ ರಜೆ ಕೇಳಿಟ್ಟಿದ್ದ. ಎರಡು ದಿನ ಇರುವಾಗ ಫೋನ್ ಮಾಡಿ “ಪ್ರೋಗ್ರಾಮ್ ಕ್ಯಾನ್ಸಲ್ ಆಯ್ತು ಮಾರಾಯ” ಎಂದೆ.

 ಅವನು ನನ್ನನ್ನೇ ಸಮಾಧಾನ ಮಾಡಿದ. “ಹೋಗ್ಲಿ ಬಿಡ್ರಿ. ನೀವ್ ಮನಸಿಗೆ ಹಚ್ಚಿಕೋಬ್ಯಾಡ್ರಿ. ಮತ್ತೊಂದ್ ಬರ್ತದ.”

ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ಒಬ್ಬ ಹಿರಿಯರು ಕೈ ಹಿಡಿದುಕೊಂಡು, “ಢೋಲಕಿ ಬಹಳ ಚಂದ, ಎಲ್ಲಿ ಕೂತಿದ್ದರು ಬಾರಿಸುವವರು? ಕಾಣಲಿಲ್ಲ” ಎಂದರು. ಹಿಂದೆ ಇದ್ದರು ಎಂದೆ. ಹಾಡುಗಾರ್ತಿ ವೈರು ಸುತ್ತುತ್ತಿದ್ದವಳು ತಲೆಯೆತ್ತಿ ನೋಡಿ ಮತ್ತೆ ಸುತ್ತತೊಡಗಿದಳು. ಅದಾದ ಮೇಲೆ ಐದೋ ಆರೋ ಕಾರ್ಯಕ್ರಮಗಳು ಹೀಗೆಯೇ ನಡೆದವು. ಪ್ರತಿಯೊಂದಕ್ಕೂ ಮುಂಚೆ ಅವನಿಗೆ ತಿಳಿಸಬೇಕು ಅಂದುಕೊಳ್ಳುತ್ತಿದ್ದೆ, ತಿಳಿಸುತ್ತಿರಲಿಲ್ಲ. ಸುಳ್ಳು ಹೇಳುವ ಅಗತ್ಯವೂ ಉಳಿಯಲಿಲ್ಲ, ಏಕೆಂದರೆ ಅವನು ಕೇಳುವುದನ್ನೇ ಬಿಟ್ಟಿದ್ದ. ಎಲ್ಲಿಯೂ ಏನೂ ನಡೆಯುತ್ತಿಲ್ಲ ಎಂದು ನಂಬಿದ್ದ.

ಮುಂದಿನ ಗಣಪತಿಗೆ ಕಳಂಬೋಲಿಯ ಕಬ್ಬಿಣದ ಪೇಟೆಯ ಒಂದು ಮಂಟಪದಿಂದ ಕರೆ ಬಂತು. ಮಧ್ಯಾಹ್ನ ಸತ್ಯನಾರಾಯಣ ಪೂಜೆ, ಆಮೇಲೆ ಎರಡು ಗಂಟೆ ಹಾಡು. ಬೇಡ ಅನ್ನಬಹುದಿತ್ತು. ಅಷ್ಟು ದೊಡ್ಡ ಪೇಟೆಯಲ್ಲಿ ಅವನೆಲ್ಲಿ ಸಿಕ್ಕಾನು ಎಂದುಕೊಂಡು ಒಪ್ಪಿದೆ. ಮೂರನೆಯ ಹಾಡು ನಡೆಯುತ್ತಿದ್ದಾಗ ಅವನನ್ನು ಕಂಡೆ. ಪ್ರಸಾದದ ದೊನ್ನೆ ಹಿಡಿದು, ತಲೆಗೆ ಟವೆಲು ಸುತ್ತಿಕೊಂಡು, ಅಂಗಿಯ ತುಂಬ ತುಕ್ಕಿನ ಕಲೆಯೊಡನೆ ಲಾರಿಯೊಂದರ ಪಕ್ಕ ನಿಂತಿದ್ದ. ಹಾಡು ನಮ್ಮದೇ ಹಳದಿಯ ಹಾಡು. ಅವನು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ನಡೆ ಬದಲಾಗುವಲ್ಲಿ ನಾನು ಇನ್ನೊಂದು ಗುಂಡಿ ಒತ್ತಲೇಬೇಕಿತ್ತು. ಒತ್ತಿದೆ. ಅವನ ಢೋಲಕಿ ಅವನ ಎದುರಿಗೇ ನಡೆ ಬದಲಿಸಿತು. ಜನ ಕುಣಿಯುತ್ತಿದ್ದರು.

ಹಾಡು ಮುಗಿದ ಮೇಲೆ ಅವನು ಸ್ಟೇಜಿನ ಅಂಚಿಗೆ ಬಂದ. ಬಯ್ಯುತ್ತಾನೆ ಅಂದುಕೊಂಡೆ. ಬಯ್ದಿದ್ದರೆ ಬದುಕುತ್ತಿದ್ದೆ.

“ಮಾಸ್ತರ್ರ, ಎರಡನೇ ನಡಿಯಾಗ ಒಂದ್ ತಪ್ಪದ. ಎಡಗೈ ಗುಮ್ಕಿ ಒಂದ್ ಕಡಿ ತಡಾ ಬೀಳ್ತದ. ಅವತ್ತ ಕೈ ನೋಯ್ಲಾಕತ್ತಿತ್ತು, ನಾ ಹೇಳ್ಲಿಲ್ಲ. ಅದನ್ನ ಸರಿ ಮಾಡ್ಕೋರಿ. ತಿಳದೋರು ಕೇಳಿದ್ರ ನಗ್ತಾರ.”

“ಸಂಜೆ ನಾನು ನಿನ್ನ ಮನೆ ಕಡೆ ಬರ್ತೇನೆ” ಎಂದೆ.

“ಲಾರಿ ನಿಂತದ್ರಿ” ಎಂದು ಹೇಳಿ ಹೋದ.

ಆ ಸಂಜೆ ನಾನು ಅವನ ಮನೆಗೆ ಹೋಗಲಿಲ್ಲ. ನನ್ನ ಮನೆಗೆ ಬಂದು ಹೆಡ್‌ಫೋನ್ ಹಾಕಿ ಆ ಎರಡನೆಯ ನಡೆಯನ್ನು ಹತ್ತಾರು ಸಲ ಕೇಳಿದೆ. ಅವನು ಹೇಳಿದ್ದು ನಿಜವಾಗಿತ್ತು. ಕೂದಲೆಳೆಯಷ್ಟು ತಡ. ಅಷ್ಟು ಕಾರ್ಯಕ್ರಮಗಳಲ್ಲಿ ನನಗದು ಕೇಳಿಸಿರಲಿಲ್ಲ. ಆಮೇಲೆ ನಾನು ಮಾಡಿದ ಕೆಲಸವೆಂದರೆ ಅದನ್ನು ಸರಿಪಡಿಸಿದ್ದು. ಆ ಒಂದು ಪೆಟ್ಟನ್ನು ಕತ್ತರಿಸಿ ಸ್ವಲ್ಪ ಹಿಂದಕ್ಕೆ ಸರಿಸಿ ಕೂರಿಸಿದೆ. ಚೆನ್ನಾಗಿ ಕೂತಿತು. ಮುಂದಿನ ವಾರ ಅದನ್ನೇ ಬಳಸಿದೆ.

“ಒಮ್ಮೆ ಹೋಗಿ ಮಾತಾಡಿ ಬನ್ನಿ. ಇಪ್ಪತ್ತು ವರ್ಷ ಒಟ್ಟಿಗಿದ್ದವರು” ಎಂದಳು ನನ್ನ ಹೆಂಡತಿ.

“ಈ ಹಬ್ಬ ಮುಗೀಲಿ” ಎಂದೆ. ಹಬ್ಬ ಮುಗಿಯಿತು. ನವರಾತ್ರಿ ಮುಗೀಲಿ ಎಂದೆ. ಡೊಂಬಿವಲಿಯಿಂದ ಅವನ ಮನೆಯಿದ್ದ ವಿಠ್ಠಲವಾಡಿ ಮೂರನೆಯ ಸ್ಟೇಷನ್. ಫೋನ್ ಮಾಡಿದರೆ ಎತ್ತುತ್ತಿದ್ದ. ಊಟ ಆತೇನ್ರಿ, ಮಗಳು ಓದ್ಲಾಕತ್ತಾಳೇನ್ರಿ ಎಂದು ಕೇಳುತ್ತಿದ್ದ. ಢೋಲಕಿಯ ಮಾತು ಅವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಬರಬರುತ್ತ ನಾನೇ ಫೋನ್ ಮಾಡುವುದನ್ನು ನಿಲ್ಲಿಸಿದೆ.

ಮರುವರ್ಷದ ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತಂತೆ. ಕೆಲಸ ಬಿಡದೆ ನಾಟಿ ಔಷಧಿ ಕುಡಿಯುತ್ತ ಇದ್ದನಂತೆ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ಈ ‘ಅಂತೆ’ಗಳೆಲ್ಲ ನನಗೆ ಸಿಕ್ಕಿದ್ದು ಅವನು ಹೋಗಿ ಹನ್ನೆರಡು ದಿನವಾದ ಮೇಲೆ, ಹಾಡುಗಾರ್ತಿಯ ಬಾಯಿಂದ. ಅವಳಿಗೂ ಮತ್ತೆ ಯಾರೋ ಹೇಳಿದ್ದು. ಮಾತು ಮುಗಿಸಿ ಅವಳು ಮರಾಠಿಯಲ್ಲಿ, “ಕಾಕಾ, ನಾವು ಯಾರೂ ಹೋಗಲಿಲ್ಲ” ಎಂದಳು.

ನಾನು ಹೋದೆ. ಆ ಒಂದೇ ಕೋಣೆಯ ಮನೆಯಲ್ಲಿ ಅವನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಢೋಲಕಿ ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಟ್ಟಿತ್ತು. ಚಹ ಮಾಡಿಕೊಟ್ಟಳು.  ಎದ್ದು ಹೊರಡುವಾಗ ಅವಳು ಕೇಳಿದಳು:

“ಅಣ್ಣಾರ, ಅವರ ಬಾರಿಸಿದ್ದು ನಿಮ್ಮ ಪೆಟಗಿಯಾಗ ಅದಂತಲ್ರಿ. ಒಮ್ಮಿ ಕೇಳಸ್ತೀರೇನ್ರಿ?”

ಮರುದಿನ ಕೀಬೋರ್ಡನ್ನು ಹೆಗಲಿಗೆ ಹಾಕಿಕೊಂಡು ಮಧ್ಯಾಹ್ನದ ಖಾಲಿ ಲೋಕಲ್ ಹಿಡಿದೆ. ಅವಳ ಮುಂದೆ ನೆಲದ ಮೇಲಿಟ್ಟು ಮೊದಲನೆಯ ಗುಂಡಿ ಒತ್ತಿದೆ. ಅವಳು ಮಂಡಿಯ ಮೇಲೆ ಗಲ್ಲವೂರಿ ಕೇಳಿದಳು. ಮುಖ ಒಂದು ಕ್ಷಣ ಅರಳಿದಂತಾಯಿತು. ಬೆರಳು ನೆಲದ ಮೇಲೆ ತಾಳ ಹಾಕಿತು. ಢೋಲಕಿ ಅದೇ ನಾಲ್ಕು ಸುತ್ತು ಮುಗಿಸಿ ಮತ್ತೆ ಅದೇ ನಾಲ್ಕು ಸುತ್ತು ಶುರುಮಾಡಿತು, ಮತ್ತೆ ಅದನ್ನೇ. ಅವಳ ಬೆರಳು ನಿಂತಿತು.

“ಬಂದ್ ಮಾಡ್ರಿ ಅಣ್ಣಾರ.”

ಮಾಡಿದೆ.

“ಕೈ ಅವರದ ಹೌದ್ರಿ. ಖರೆ ಇದು ಅವರಲ್ಲ. ಅವರು ಒಮ್ಮಿ ಬಾರಿಸಿಧಂಗ ಇನ್ನೊಮ್ಮಿ ಬಾರಿಸ್ತಿರ್ಲಿಲ್ಲ.”

ಕೀಬೋರ್ಡನ್ನು ನನ್ನ ಕಡೆ ಸರಿಸುತ್ತ ಅವಳೇ ಮುಂದುವರಿಸಿದಳು. “ನಿಮ್ಮ ಮ್ಯಾಲ ಅವರಿಗಿ ಸಿಟ್ಟಿರ್ಲಿಲ್ರಿ. ಮಾಸ್ತರ್ ಖರೇ ಕಾರಣ ಹೇಳಿದ್ದ್ರ ಕೈ ನೆಟ್ಟಗಾಗಾತನಾ ತಡದು ಇನ್ನಾ ಛಲೋ ಬಾರಿಸಿ ಕೊಡ್ತಿದ್ದೆ ಅಂತಿದ್ರು.”

ವಾಪಸು ಬರುವಾಗ ಕಲ್ಯಾಣದಲ್ಲಿ ಇಳಿದುಬಿಟ್ಟೆ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಎಷ್ಟು ಗಾಡಿ ಬಿಟ್ಟೆನೋ ಗೊತ್ತಿಲ್ಲ.

ಆಮೇಲೆ ಅವನ ನಡೆಗಳನ್ನು ನಾನು ಬಳಸಲಿಲ್ಲ. ಅಳಿಸಲೂ ಕೈ ಬರಲಿಲ್ಲ. ಬೇರೊಬ್ಬ ಢೋಲಕಿಯವನನ್ನು ಕರೆದುಕೊಂಡು ಎರಡು ಕಾರ್ಯಕ್ರಮ ಮಾಡಿದೆ. ಅವನು ಚೆನ್ನಾಗಿಯೇ ಬಾರಿಸುತ್ತಿದ್ದ, ನನ್ನ ಬೆರಳುಗಳೇ ತಡವರಿಸಿದವು. ಮೂರನೆಯದಕ್ಕೆ ಕರೆ ಬರಲಿಲ್ಲ. ಹಾಡುಗಾರ್ತಿ ಒಂದು ದಿನ ಮನೆಗೆ ಬಂದು, ಬಹಳ ಸಂಕೋಚದಿಂದ, ಇನ್ನು ಮುಂದೆ ಮೊಬೈಲಿನ ಟ್ರ್ಯಾಕ್ ಹಾಕಿಕೊಂಡು ಒಬ್ಬಳೇ ಹಾಡುತ್ತೇನೆ ಎಂದಳು. ಆಯೋಜಕರು ಒಬ್ಬರೇ ಸಾಕು ಅನ್ನುತ್ತಿದ್ದಾರಂತೆ. ನಾನು ಒಳ್ಳೆಯದಾಗಲಿ ಎಂದೆ. ಅವಳ ಮೇಲೆ ಬೇಸರಪಡುವ ಹಕ್ಕು ನನಗಿರಲಿಲ್ಲ. ಜನರನ್ನು ಬಿಟ್ಟು ನಡೆಸಬಹುದು ಎಂಬುದನ್ನು ಅವಳು ನನ್ನ ಪಕ್ಕದಲ್ಲಿ ನಿಂತೇ ಕಲಿತಿದ್ದಳು.

ಈಗ ವಾರಕ್ಕೆ ಮೂರು ದಿನ ಬೆಳಿಗ್ಗೆ ಡೊಂಬಿವಲಿಯ ಒಂದು ಸೊಸೈಟಿಯ ಹಾಲಿನಲ್ಲಿ, ಹಿರಿಯ ನಾಗರಿಕರ ಕರೋಕೆ ಕ್ಲಬ್ಬಿಗೆ ಹೋಗುತ್ತೇನೆ. ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಹಾಕುವುದು, ಸದ್ದು ಏರಿಸುವುದು ಇಳಿಸುವುದು, ಅಷ್ಟೇ ಕೆಲಸ. ನಾನೂ ಒಂದು ಕಾಲದಲ್ಲಿ ಬಾರಿಸುತ್ತಿದ್ದೆನೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ, ಹೇಳಿಕೊಳ್ಳುವ ಆಸೆಯೂ ಇಲ್ಲ. ಆಪರೇಟರ್ ಎಂದು ಕರೆಯುತ್ತಾರೆ. ಅಲ್ಲಿಗೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬರುತ್ತಾರೆ. ಹೆಂಡತಿ ತೀರಿಕೊಂಡು ವರ್ಷವಾಗಿದೆಯಂತೆ. ಪ್ರತಿ ಸಲವೂ ಅದೇ ಹಳೆಯ ಹಾಡು, ಪ್ರತಿ ಸಲವೂ ಎರಡನೆಯ ಚರಣದಲ್ಲಿ ಹಾಡು ನಿಲ್ಲಿಸಿಬಿಡುತ್ತಾರೆ. ಟ್ರ್ಯಾಕ್ ಅವರನ್ನು ಬಿಟ್ಟು ಮುಂದೆ ಹೋಗಿಬಿಡುತ್ತದೆ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಣ್ಣ ಬದಲಿಸುತ್ತ ಓಡುತ್ತವೆ. ಅವರು ಮೈಕು ಹಿಡಿದುಕೊಂಡೇ ನನ್ನ ಕಡೆ ನೋಡುತ್ತಾರೆ. ತಂಡವಿದ್ದರೆ ಅವರು ಮತ್ತೆ ಬಾಯಿ ತೆರೆಯುವವರೆಗೆ ಕಾಯುತ್ತಿದ್ದೆವು.

“ಪುನಃ ಹಾಕ್ಲಾ ಸರ್?” ಎಂದು ಕೇಳುತ್ತೇನೆ.

ಬೇಡ ಎಂದು ತಲೆಯಾಡಿಸಿ ಹೋಗಿ ಕೂರುತ್ತಾರೆ. ಹತ್ತೂವರೆಗೆ ಯೋಗದವರು ಬರುತ್ತಾರೆ. ಅಷ್ಟರೊಳಗೆ ಉಳಿದವರ ಹಾಡು ಮುಗಿಸಿ ಹಾಲ್ ಖಾಲಿ ಮಾಡಿಕೊಡಬೇಕು.